ಹಳೆಯ ಕಾರಿಗೆ ತಕ್ಕ ಟೈರು: ಒಂದು ವಿಚಾರ

ಎತ್ತಿನ ಬಂಡಿಯ ಮರದ ಗಾಲಿಗೆ ಕಮ್ಮಾರನು ಕಬ್ಬಿಣದ ಪಟ್ಟೆಯನ್ನು ಕಾಯಿಸಿ ತೊಡಿಸಿ, ನೀರೆರೆದು ಬಿಗಿಗೊಳಿಸುತ್ತಿದ್ದುದನ್ನು ನಮ್ಮಲ್ಲಿ ಹಿರಿಯರಾದವರು ಕಂಡಿದ್ದಾರೆ. ಚಕ್ರದ ಆ ಹೊರ ಅಂಚಿಗೆ ಸಂಸ್ಕೃತದಲ್ಲಿ ನೇಮಿ ಎಂದು ಹೆಸರು. 1888ರಲ್ಲಿ ಜಾನ್ ಡನ್‌ಲಪ್ ಎಂಬುವರು ಗಾಳಿ ತುಂಬಿದ ರಬ್ಬರಿನ ಟೈರನ್ನು ಬಳಕೆಗೆ ತಂದ ಮೇಲೆ ಪಟ್ಟೆಯ ದ್ರವ್ಯವು ಬದಲಾಯಿತೇ ಹೊರತು ಅದರ ಕರ್ತವ್ಯವು ಬದಲಾಗಲಿಲ್ಲ. ಕಾರು ರಸ್ತೆಯನ್ನು ಹಿಡಿದಿರುವುದು ಒಂದೊಂದು ಟೈರಿಗೆ ಸುಮಾರು ಅಂಗೈಯಗಲದ ಸ್ಥಳದಲ್ಲಿ ಮಾತ್ರ. ತಿರುಗುವುದೂ ನಿಲ್ಲುವುದೂ ಆ ಹಿಡಿತವನ್ನೇ ಆಶ್ರಯಿಸಿವೆ.

ಈ ಮಾತು ಲೇಖಕನಿಗೆ ಅನುಭವದಿಂದ ಮನದಟ್ಟಾಯಿತು. 2021ರ ಮಳೆಗಾಲದ ಒಂದು ಸಂಜೆ ಜಯನಗರದಿಂದ ಬನಶಂಕರಿಗೆ ನಮ್ಮ ಹಳೆಯ ಮಾರುತಿ 800 ಕಾರಿನಲ್ಲಿ ಬರುತ್ತಿರಲು, ತಿರುವಿನಲ್ಲಿ ಬ್ರೇಕು ಒತ್ತಿದೊಡನೆ ವಾಹನವು ಸ್ಟಿಯರಿಂಗಿನ ಮಾತು ಕೇಳದೆ ನೇರವಾಗಿ ಜಾರಿ, ರಸ್ತೆಯ ನಡುಗಲ್ಲಿಗೆ ಗೇಣುದ್ದದಲ್ಲಿ ನಿಂತಿತು. ಹಿಂದಿನ ಆಸನದಲ್ಲಿ ಮಗಳೂ ಎಳೆಯ ಮೊಮ್ಮಗಳೂ ಇದ್ದರು. ಮರುದಿನ ಮೆಕ್ಯಾನಿಕರು ಬ್ರೇಕನ್ನು ದೂರದೆ, ಟೈರಿನ ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಗಳನ್ನು ತೋರಿಸಿದರು: 2311. ಎಂದರೆ 2011ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಕಾರು ಹೆಚ್ಚು ಓಡದ ಕಾರಣ ಗೀರುಗಳು ಆಳವಾಗಿಯೇ ಇದ್ದವು. ರಬ್ಬರು ಮಾತ್ರ ಗಡುಸಾಗಿ ಹಿಡಿತವನ್ನು ಕಳೆದುಕೊಂಡಿತ್ತು.

ಆದುದರಿಂದ ಮೊದಲು ನೋಡತಕ್ಕದ್ದು ವಯಸ್ಸು. ಐದು ವರ್ಷ ಕಳೆದ ಟೈರನ್ನು ಪ್ರತಿವರ್ಷವೂ ಪರೀಕ್ಷಿಸಬೇಕು. ನೋಟಕ್ಕೆ ಚೆನ್ನಾಗಿದ್ದರೂ ಹತ್ತು ವರ್ಷಕ್ಕೆ ಮೀರಿ ಇಡಬಾರದು. ಎರಡನೆಯದು ಸವೆತ. ಗೀರುಗಳು ನೀರನ್ನು ಹೊರದೂಡುವ ಕಾಲುವೆಗಳು. ಅವುಗಳ ತಳದಲ್ಲಿರುವ ಚಿಕ್ಕ ದಿಂಡುಗಳಿಗೆ ಮೇಲ್ಮೈ ಸಮವಾದರೆ ಆಳವು 1.6 ಮಿಲಿಮೀಟರಿಗೆ ಇಳಿದಿದೆಯೆಂದು ತಿಳಿದು ಟೈರನ್ನು ಬದಲಿಸಬೇಕು.

ಮೂರನೆಯದು ಅಳತೆ. 145/70 ಆರ್ 12 ಎಂಬಲ್ಲಿ 145 ಎಂಬುದು ಮಿಲಿಮೀಟರಿನಲ್ಲಿ ಅಗಲ. 70 ಎಂಬುದು ಆ ಅಗಲಕ್ಕೆ ಪಕ್ಕದ ಎತ್ತರದ ಶೇಕಡಾ ಪ್ರಮಾಣ. 12 ಎಂಬುದು ಅಂಗುಲದಲ್ಲಿ ರಿಮ್ಮಿನ ವ್ಯಾಸ. ಇದರಿಂದ ಒಟ್ಟು ವ್ಯಾಸವು ಸುಮಾರು 508 ಮಿಲಿಮೀಟರು. ಅಗಲ ಹೆಚ್ಚಿದಷ್ಟೂ ಹಿಡಿತ ಹೆಚ್ಚೆಂದು 155/70 ಹಾಕಿಸಿದರೆ ವ್ಯಾಸವು 522 ಆಗಿ, ಸ್ಪೀಡೋಮೀಟರು 60 ತೋರಿಸುವಾಗ ಕಾರು 61ನ್ನೂ ಮೀರಿ ಓಡುತ್ತಿರುತ್ತದೆ. ಸ್ಟಿಯರಿಂಗು ಭಾರವಾಗಬಹುದು, ಮಡ್‌ಗಾರ್ಡಿಗೆ ಉಜ್ಜಲೂಬಹುದು. ತಯಾರಕರು ಹೇಳಿದ ಅಳತೆಯೇ ಕ್ಷೇಮ.

ನಾಲ್ಕನೆಯದು ಜಾತಿ. ಅಂಬಾಸಿಡರಿನ 5.90-15, ಪದ್ಮಿನಿಯ 5.20-14 ಎಂಬ ಹಳೆಯ ಅಳತೆಗಳು ಕ್ರಾಸ್‌ಪ್ಲೈ ಟೈರಿನವು. ಅವುಗಳಲ್ಲಿ ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ದಾಟುತ್ತವೆ. ಫ್ರಾನ್ಸಿನ ಮಿಶೆಲಿನ್ ಸಂಸ್ಥೆಯು 1946ರಲ್ಲಿ ಪೇಟೆಂಟು ಪಡೆದ ರೇಡಿಯಲ್ಲಿನಲ್ಲಿಯಾದರೋ ನೂಲು ಅಂಚಿನಿಂದ ಅಂಚಿಗೆ ಅಡ್ಡಲಾಗಿ ಸಾಗಿ, ಅದರ ಮೇಲೆ ಉಕ್ಕಿನ ಪಟ್ಟಿ ಸುತ್ತಿರುತ್ತದೆ. ಪಕ್ಕವು ಬಾಗಿದರೂ ತಳವು ನೆಲಕ್ಕೆ ಅಂಟಿರುವುದರಿಂದ ತಿರುವಿನಲ್ಲಿ ಕಾರು ಸ್ಥಿರವಾಗುತ್ತದೆ. ರೇಡಿಯಲ್ ಹಾಕಿಸಲು ರಿಮ್ಮು ಒಪ್ಪುವುದೇ ಎಂಬುದನ್ನು ಮೊದಲು ವಿಚಾರಿಸಬೇಕು. ಹಾಕಿಸುವುದಾದರೆ ನಾಲ್ಕಕ್ಕೂ ಹಾಕಿಸಬೇಕು, ಎರಡು ಜಾತಿಯನ್ನು ಬೆರೆಸಬಾರದು.

ನಾಲ್ಕನ್ನು ಒಮ್ಮೆಗೇ ಕೊಳ್ಳಲಾಗದೆ, ಅದೇ ಜಾತಿಯ ಎರಡನ್ನು ಮಾತ್ರ ಕೊಂಡವರು ಹೊಸವನ್ನು ಹಿಂದಿನ ಗಾಲಿಗಳಿಗೆ ಹಾಕಿಸುವುದು ಮೇಲು. ಒದ್ದೆ ನೆಲದಲ್ಲಿ ಹಿಂಭಾಗ ಜಾರಿದರೆ ಕಾರು ಗಿರ್ರನೆ ತಿರುಗಿಬಿಡುವುದು. ಅದನ್ನು ಸರಿಪಡಿಸುವುದು ನಮ್ಮಂಥವರಿಂದ ಸಾಧ್ಯವಲ್ಲ. ಗಾಳಿಯನ್ನು ಟೈರು ತಣ್ಣಗಿರುವಾಗಲೇ ಅಳೆಯಿಸಬೇಕು. ಷಾಕ್ ಅಬ್ಸಾರ್ಬರು ಸೋತಿದ್ದರೆ, ಅಲೈನ್‌ಮೆಂಟು ತಪ್ಪಿದ್ದರೆ, ಎಷ್ಟು ಬೆಲೆಯ ಟೈರೂ ಆ ದೋಷವನ್ನು ಕಳೆಯದೆ ತಾನೇ ಬೇಗ ಸವೆಯುತ್ತದೆ.

ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲಿಯೇ ನಿಂತಿದ್ದರೂ, ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ನಿವೃತ್ತ ಉಪಾಧ್ಯಾಯರಲ್ಲಿಯೂ ಇಂಥ ವಾಹನಗಳನ್ನು ಮಮತೆಯಿಂದ ಕಾಪಾಡಿಕೊಂಡವರು ಉಂಟು. ಪುಸ್ತಕವನ್ನು ಕೈಗೆತ್ತಿಕೊಂಡಾಗ ಮುದ್ರಣದ ವರ್ಷವನ್ನು ಮೊದಲು ನೋಡಿರೆಂದು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ ನಾನು, ಟೈರಿನ ಮೇಲಿನ ನಾಲ್ಕು ಅಂಕಿಗಳನ್ನು ಹತ್ತು ವರ್ಷ ಓದದೆ ಹೋದೆನು. ವಾಚಕರು ಇಂದೇ ಬಗ್ಗಿ ಓದಿಕೊಳ್ಳಲೆಂದು ಈ ಕೆಲವು ಮಾತುಗಳನ್ನು ಬರೆದಿದ್ದೇನೆ.