ಕಮಾಂಡೋ ಧರ್ಮ: ಮೇಜರ್ ಸಂದೀಪ್ ಉನ್ನಿಕೃಷ್ಣನ್

ಸೈನಿಕನೆಂದೊಡನೆ ನಮ್ಮ ಮನಸ್ಸು ಹಿಮಾಲಯದ ಗಡಿಯತ್ತ ಹರಿಯುತ್ತದೆ. ಆದರೆ ಆ ಗಡಿಯ ದುಃಖ ನಮ್ಮ ಕಬ್ಬಿನ ಗದ್ದೆಗಳ ನಾಡಿಗೂ ಬಂದು ಮುಟ್ಟುತ್ತದೆ. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಹುತಾತ್ಮರಾದ ಕೇಂದ್ರ ಮೀಸಲು ಪೊಲೀಸ್ ಪಡೆಯ ಎಚ್. ಗುರು ಅವರು ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಅಂದು ಮಂಡ್ಯ ಜಿಲ್ಲೆಯೇ ಕಣ್ಣೀರಿಟ್ಟಿತು. ಯೋಧರಲ್ಲಿ ಕಮಾಂಡೋಗಳೆಂಬ ವಿಶೇಷ ವರ್ಗವೊಂದುಂಟು. ಅವರ ಬಾಳಿನ ಸ್ವರೂಪವನ್ನು ಬೆಂಗಳೂರಿನಲ್ಲಿ ಬೆಳೆದ ಒಬ್ಬ ವೀರನ ಚರಿತ್ರೆಯಿಂದ ತಿಳಿಯೋಣ.

ಕಮಾಂಡೋ ಎಂದರೆ ಯಾರು? ಸಣ್ಣ ತಂಡವಾಗಿ, ಸದ್ದಿಲ್ಲದೆ, ಅತ್ಯಂತ ಅಪಾಯದ ಸ್ಥಳಕ್ಕೆ ನುಗ್ಗಿ ನಿಯತ ಕಾರ್ಯವನ್ನು ಸಾಧಿಸಬಲ್ಲ ಯೋಧ. ಅವನಿಗೆ ದೇಹಬಲವೊಂದೇ ಸಾಲದು. ಕತ್ತಲೆಯ ಕೊಠಡಿಯೊಳಗೆ ವೈರಿ ಯಾರು, ಒತ್ತೆಯಾಳು ಯಾರು ಎಂಬುದನ್ನು ಕ್ಷಣಮಾತ್ರದಲ್ಲಿ ವಿವೇಚಿಸುವ ಸ್ಥಿರಬುದ್ಧಿ ಬೇಕು.

ಸಂದೀಪ್ ಉನ್ನಿಕೃಷ್ಣನ್ ಅವರು 1977ರ ಮಾರ್ಚ್ 15ರಂದು ಕೇರಳ ಮೂಲದ ಕುಟುಂಬವೊಂದರಲ್ಲಿ ಜನಿಸಿದರು. ಬೆಂಗಳೂರಿನಲ್ಲಿ ಶಾಲಾಶಿಕ್ಷಣ ಮುಗಿಸಿ, ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನು ಸೇರಿ, 1999ರಲ್ಲಿ ಬಿಹಾರ ರೆಜಿಮೆಂಟಿನ 7ನೆಯ ಬೆಟಾಲಿಯನ್ನಿನ ಅಧಿಕಾರಿಯಾದರು. ಅದು ಕಾರ್ಗಿಲ್ ಯುದ್ಧದ ವರ್ಷ. ಫಿರಂಗಿಗಳ ಸುರಿಮಳೆಯ ನಡುವೆ ಮುಂಚೂಣಿಯ ಠಾಣೆಗಳಲ್ಲಿ ಅವರು ಸೇವೆ ಸಲ್ಲಿಸಿದರು. ನಮ್ಮ ಬೆಳಗಾವಿಯ ಕಮಾಂಡೋ ಶಾಲೆಯ ಕಠಿಣವಾದ ‘ಘಾತಕ್’ ತರಬೇತಿಯಲ್ಲಿ ಅಗ್ರಸ್ಥಾನ ಪಡೆದರು. 2007ರಲ್ಲಿ ರಾಷ್ಟ್ರೀಯ ಭದ್ರತಾ ಪಡೆಯನ್ನು ಸೇರಿದರು.

2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರು ಮುಂಬಯಿಯ ಮೇಲೆ ಎರಗಿದರು. ಹರಿಯಾಣದ ಮಾನೇಸರಿನಲ್ಲಿ ನೆಲೆಗೊಂಡಿದ್ದ ಕಮಾಂಡೋಗಳು ಮುಂಬಯಿಯನ್ನು ತಲುಪುವಾಗ ಮರುದಿನದ ಬೆಳಗಾಗಿತ್ತು. ತಾಜ್ ಹೋಟೆಲಿನೊಳಗೆ ಸಂದೀಪರ ತಂಡ ಮೆಟ್ಟಿಲೇರಿ, ಕೊಠಡಿ ಕೊಠಡಿಯನ್ನೂ ಶೋಧಿಸಿ, ಸಿಕ್ಕಿಕೊಂಡಿದ್ದವರನ್ನು ಹೊರತಂದಿತು. ಗುಂಡಿನ ಕಾಳಗದಲ್ಲಿ ಕಮಾಂಡೋ ಸುನೀಲ್ ಕುಮಾರ್ ಯಾದವ್ ಗಾಯಗೊಂಡರು. ಸಂದೀಪರು ಮೊದಲು ಅವರನ್ನು ಸುರಕ್ಷಿತವಾಗಿ ಸಾಗಿಸುವ ವ್ಯವಸ್ಥೆ ಮಾಡಿದರು; ಆಮೇಲೆ ವೈರಿಗಳ ಬೆನ್ನಟ್ಟಿದರು. ಯಾರೂ ಮೇಲೆ ಬರಬೇಡಿರೆಂದು ಸಂಗಡಿಗರಿಗೆ ತಿಳಿಸಿದ್ದು ಅವರ ಕೊನೆಯ ಮಾತೆಂದು ಪಡೆಯ ಅಧಿಕಾರಿಗಳು ಹೇಳಿದ್ದಾರೆ. ನವೆಂಬರ್ 28ರಂದು ಅವರು ವೀರಮರಣವನ್ನು ಹೊಂದಿದರು. ಆಗ ಅವರಿಗೆ ಕೇವಲ 31 ವರ್ಷ. 2009ರ ಗಣರಾಜ್ಯೋತ್ಸವದಂದು ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು.

ಆ ರಾತ್ರಿಯ ವಿಳಂಬವು ದೇಶಕ್ಕೊಂದು ಕಹಿಪಾಠವಾಯಿತು. 2009ರಲ್ಲಿ ಮುಂಬಯಿ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿಯೂ ಪಡೆಯ ಕೇಂದ್ರಗಳು ಸ್ಥಾಪನೆಗೊಂಡವು.

ವಿದ್ಯಾರ್ಥಿಗಳೇ, ಈ ಚರಿತ್ರೆಯಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದುದು ಬಂದೂಕನ್ನಲ್ಲ, ಕರ್ತವ್ಯದ ಕ್ರಮವನ್ನು: ಮೊದಲು ಆಪತ್ತಿನಲ್ಲಿರುವವರು, ಅನಂತರ ಸಂಗಡಿಗರು, ಕಟ್ಟಕಡೆಗೆ ತಾನು. ಎಲ್ಲರೂ ಕಮಾಂಡೋಗಳಾಗುವುದು ಸಾಧ್ಯವಿಲ್ಲ. ಆದರೆ ಈ ಕ್ರಮವನ್ನು ತರಗತಿಯಲ್ಲಿಯೂ ಮನೆಯಲ್ಲಿಯೂ ಪಾಲಿಸುವುದು ಎಲ್ಲರಿಗೂ ಸಾಧ್ಯ. ವೀರರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವವೂ ಅದೇ.