ಜಪಾನಿ ಭಾಷೆ ನಮ್ಮ ಮಕ್ಕಳಿಗೆ ಸಾಧ್ಯವೆ?



೧೯೫೩ರಲ್ಲಿ ದೇಶದಾದ್ಯಂತ ಜಪಾನಿ ಪದ್ಧತಿಯ ಬತ್ತದ ಬೇಸಾಯದ ಪ್ರಚಾರ ಆರಂಭವಾದಾಗ ಜಪಾನ್ ಎಂಬ ಹೆಸರು ಹಳ್ಳಿಹಳ್ಳಿಗೂ ಮುಟ್ಟಿತು. ಎತ್ತರದ ಸಸಿಮಡಿ, ಸಾಲು ನಾಟಿ, ಹೆಚ್ಚು ಗೊಬ್ಬರ, ಸಾಲುಗಳ ನಡುವೆ ಕಳೆ ತೆಗೆಯುವುದು, ಇಷ್ಟೇ ಆಗ ನಮಗೆ ಜಪಾನ್. ಆ ದೇಶದ ಭಾಷೆ ಯಾರಿಗೂ ಬೇಕಾಗಿರಲಿಲ್ಲ.

ಈಗ ಹಾಗಿಲ್ಲ. ಕೆಲಸಕ್ಕೆ ಜನ ಸಾಲದ ಜಪಾನ್ ದೇಶವು ೨೦೧೯ರ ಏಪ್ರಿಲಿನಿಂದ ಕೌಶಲ ಬಲ್ಲ ವಿದೇಶಿ ಕೆಲಸಗಾರರಿಗೆ ಬಾಗಿಲು ತೆರೆದಿದೆ. ಬೇಸಾಯವೂ ವೃದ್ಧರ ಶುಶ್ರೂಷೆಯೂ ಅದರಲ್ಲಿ ಸೇರಿವೆ. ಭಾರತದೊಡನೆ ಈ ಕುರಿತು ೨೦೨೧ರ ಜನವರಿಯಲ್ಲಿ ಒಪ್ಪಂದವಾಯಿತು. ಐದು ವರ್ಷಗಳಲ್ಲಿ ೫೦,೦೦೦ ಮಂದಿ ಭಾರತೀಯ ಕುಶಲಿಗಳು ಅಲ್ಲಿಗೆ ಹೋಗುವಂತಾಗಬೇಕೆಂದು ೨೦೨೫ರ ಆಗಸ್ಟಿನಲ್ಲಿ ಎರಡೂ ಸರಕಾರಗಳು ಗುರಿ ಇಟ್ಟುಕೊಂಡಿವೆ. ಆದರೆ ಕೈಕೆಲಸ ಬಂದರೆ ಸಾಲದು, ಭಾಷೆಯ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬೇಕು. ಆದುದರಿಂದ ನಾಳೆ ನಿಮ್ಮ ಮನೆಯ ಮಗನೋ ಮಗಳೋ “ಜಪಾನಿ ಕಲಿಯುತ್ತೇನೆ, ಹಣ ಕೊಡಿ” ಎಂದರೆ ಏನು ಹೇಳಬೇಕು? ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದು ಆಗದ ಮಾತು ಎಂದು ಬಿಡುವವರುಂಟು. ಮೂರು ತಿಂಗಳಲ್ಲಿ ಕಲಿಸಿ ವಿಮಾನ ಹತ್ತಿಸುತ್ತೇವೆ ಎನ್ನುವವರೂ ಉಂಟು. ಎರಡೂ ಸರಿಯಲ್ಲ.

ಮೊದಲು ಭಾಷೆಯ ಪರಿಚಯ ಮಾಡಿಕೊಳ್ಳೋಣ. ಜಪಾನಿ ಮಾತು ನಿಮ್ಮ ಬಾಯಲ್ಲಿ ಆಗಲೇ ಇದೆ. ಶಿರಸಿ ಪೇಟೆಯಲ್ಲಿ ಹತ್ತುವ ರಿಕ್ಷಾ ಎಂಬುದು ಜಪಾನಿನ ‘ಜಿನ್‌ರಿಕಿಶಾ’. ಜಿನ್ ಎಂದರೆ ಮನುಷ್ಯ, ರಿಕಿ ಎಂದರೆ ಶಕ್ತಿ, ಶಾ ಎಂದರೆ ಗಾಡಿ. ಇನ್ನು ನೀವು ಬಳಸುವ ಯಂತ್ರಗಳ ಹೆಸರು ನೋಡಿ. ‘ತಾ’ ಅಥವಾ ‘ದಾ’ ಎಂದರೆ ಗದ್ದೆ. ಹೋಂಡಾ ಎಂದರೆ ಮೂಲದ ಗದ್ದೆ, ಕುಬೋಟಾ ಎಂದರೆ ತಗ್ಗಿನ ಗದ್ದೆ. ಟೊಯೋಟಾ ಕಂಪನಿ ಕಟ್ಟಿದ ಮನೆತನದ ಹೆಸರು ಟೊಯೋದಾ, ಅಂದರೆ ಸಮೃದ್ಧಿಯ ಗದ್ದೆ. ತನಾಕಾ ಎಂಬ ಅಡ್ಡಹೆಸರಿನವರು ಅಲ್ಲಿ ಊರಿಗೆ ಹತ್ತಾರು. ಅದರ ಅರ್ಥ ಗದ್ದೆಯ ನಡುವಿನವರು. ನಮ್ಮಲ್ಲಿ ಗದ್ದೆಮನೆ, ತೋಟದಮನೆ ಎನ್ನುವಂತೆಯೇ.

ವಾಕ್ಯದ ಜೋಡಣೆಯಂತೂ ನಮ್ಮದೇ. ಇಂಗ್ಲಿಷಿನಲ್ಲಿ ‘ನಾನು ತಿನ್ನುತ್ತೇನೆ ಅನ್ನ’ ಎಂಬ ಕ್ರಮ. ಜಪಾನಿಯಲ್ಲಿ ‘ವತಾಶಿ ವಾ ಗೊಹಾನ್ ಒ ತಬೆಮಸು’: ನಾನು ಅನ್ನವನ್ನು ತಿನ್ನುತ್ತೇನೆ. ಕ್ರಿಯಾಪದ ಕೊನೆಗೆ. ನಾವು ‘ಅನ್ನು’ ಹಚ್ಚುವಲ್ಲಿ ಅವರು ‘ಒ’ ಹಚ್ಚುತ್ತಾರೆ, ‘ಗೆ’ ಹಚ್ಚುವಲ್ಲಿ ‘ನಿ’. ಶಿರಸಿಗೆ ಹೋಗುತ್ತೇನೆ ಎನ್ನಲು ‘ಶಿರಸಿ ನಿ ಇಕಿಮಸು’. ಹೋಗುತ್ತೀರಾ ಎಂದು ಕೇಳಲು ಕೊನೆಗೆ ‘ಕಾ’ ಸೇರಿಸಿದರಾಯಿತು. ನಾನು, ನೀನು, ಅವನು, ಅವಳು ಎಲ್ಲರಿಗೂ ಕ್ರಿಯಾಪದ ಒಂದೇ ರೂಪ. ಇದರಲ್ಲಿ ಕನ್ನಡಕ್ಕಿಂತಲೂ ಸುಲಭ.

ಇನ್ನೊಂದು ಸೊಗಸು ಕೇಳಿ. ನಾವು ಹಲಸಿನ ತೊಳೆ ಕೊಟ್ಟು “ತಿಂದು ನೋಡು” ಎನ್ನುತ್ತೇವೆ. ತಿನ್ನುವುದಕ್ಕೂ ಕಣ್ಣಿಗೂ ಏನು ಸಂಬಂಧ? ಇಂಗ್ಲಿಷಿನವನಿಗೆ ಇದು ಒಗಟು. ಜಪಾನಿನವನು ‘ತಬೆತೆ ಮಿರು’ ಎನ್ನುತ್ತಾನೆ. ತಬೆತೆ ಎಂದರೆ ತಿಂದು, ಮಿರು ಎಂದರೆ ನೋಡು. ತಿಂದುಬಿಟ್ಟ, ಮಾಡಿಟ್ಟ ಎಂಬಂಥ ಜೋಡಿ ಮಾತುಗಳೂ ಅವರಲ್ಲಿ ಹೀಗೆಯೇ ಇವೆ. ನಮ್ಮ ಜಿಟಿಜಿಟಿ ಮಳೆ ಅವರಿಗೆ ‘ಶಿತೊ ಶಿತೊ’, ಸುರಿಯುವ ಮಳೆ ‘ಜಾ ಜಾ’, ಗುಡುಗು ‘ಗೊರೊ ಗೊರೊ’. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಜಪಾನಿಯನ್ನು ಇಂಗ್ಲಿಷಿನ ಮೂಲಕ ಬಾಯಿಪಾಠ ಮಾಡುವುದಕ್ಕಿಂತ ಕನ್ನಡದ ಮೂಲಕ ಅರ್ಥಮಾಡಿಕೊಳ್ಳುವುದು ಮೇಲು. ಇಂಗ್ಲಿಷ್ ಬಾರದು ಎಂಬುದು ಇಲ್ಲಿ ಅಡ್ಡಿಯೇ ಅಲ್ಲ.

ಉಚ್ಚಾರದಲ್ಲಿಯೂ ಕನ್ನಡಿಗನಿಗೆ ಅನುಕೂಲ. ‘ಒಬಸಾನ್’ ಎಂದರೆ ಅತ್ತೆ, ಚಿಕ್ಕಮ್ಮ. ‘ಒಬಾಸಾನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಹ್ರಸ್ವ, ದೀರ್ಘ, ಒತ್ತಕ್ಷರ ಬಲ್ಲ ನಮಗೆ ಇದು ಸಲೀಸು. ಅವರಿಗೆ ಮಾತ್ರ ಲ, ಳ ಇಲ್ಲ, ಎಲ್ಲಕ್ಕೂ ರಕಾರವೇ. ನಮ್ಮ ಇಸಳೂರು ಅವರ ಬಾಯಲ್ಲಿ ಇಸರೂರು ಆದೀತು!

ಕಷ್ಟವಿರುವುದು ಬರವಣಿಗೆಯಲ್ಲಿ. ಅವರಿಗೆ ಮೂರು ಬಗೆಯ ಬರಹ. ಹಿರಾಗಾನಾ, ಕತಾಕಾನಾ ಎಂಬ ಎರಡರಲ್ಲಿ ತಲಾ ೪೬ ಮೂಲ ಅಕ್ಷರ. ಇವುಗಳ ಸಾಲು ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಎಲ್ಲೋ ಕೇಳಿದಂತಿದೆಯಲ್ಲವೆ? ಬೌದ್ಧ ಭಿಕ್ಷುಗಳು ಓದುತ್ತಿದ್ದ ಸಂಸ್ಕೃತ ವರ್ಣಮಾಲೆಯಿಂದಲೇ ಈ ಕ್ರಮ ಅಲ್ಲಿಗೆ ಹೋದದ್ದು. ತಿಂಗಳೊಪ್ಪತ್ತಿನಲ್ಲಿ ಇವೆರಡನ್ನೂ ಕಲಿಯಬಹುದು. ಮೂರನೆಯದು ಚೀನಾದಿಂದ ಬಂದ ಕಾಂಜಿ, ಅಂದರೆ ಚಿತ್ರದಂಥ ಅಕ್ಷರ. ನಿತ್ಯ ಬಳಕೆಗೆಂದು ಸರಕಾರ ಗೊತ್ತುಮಾಡಿದ ಕಾಂಜಿ ೨,೧೩೬. ಅವರ ಮಕ್ಕಳೇ ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ೧,೦೨೬ ಕಲಿಯುತ್ತಾರೆ. ಗದ್ದೆಯ ಕಾಂಜಿ ಒಂದು ಚೌಕ, ಒಳಗೆ ಕೂಡಿಸುವ ಗುರುತು: ನಡುವೆ ಬದು ಇರುವ ನಾಲ್ಕು ಗದ್ದೆಯ ಹಾಗೆ. ಅದರ ಕೆಳಗೆ ‘ಶಕ್ತಿ’ಯ ಗುರುತು ಬರೆದರೆ ‘ಗಂಡಸು’ ಎಂದಾಗುತ್ತದೆ. ಮಳೆಯಲ್ಲಿ ಬಗ್ಗಿ ಸಸಿ ನೆಡುವ ನಮ್ಮ ಹೆಂಗಸರು ಇದಕ್ಕೆ ಏನೆನ್ನುವರೋ ತಿಳಿಯದು.

ಭಾಷೆ ಬಂದರೂ ಬಳಕೆ ಬರಬೇಕು. ಮರ್ಯಾದೆಯ ವಿಷಯದಲ್ಲಿ ಜಪಾನಿನವರು ಬಹಳ ಬಿಗಿ. ನಮ್ಮಲ್ಲಿ ಬಾ, ಬನ್ನಿ ಎಂದು ಇರುವಂತೆ ಅವರಲ್ಲಿ ಗೆಳೆಯನೊಡನೆ ‘ತಬೆರು’, ಹೊರಗಿನವರೊಡನೆ ‘ತಬೆಮಸು’, ಹಿರಿಯರು ಉಣ್ಣುವುದಕ್ಕೆ ‘ಮೆಶಿಆಗರು’, ತಾನು ವಿನಯದಿಂದ ಉಣ್ಣುವುದಕ್ಕೆ ‘ಇತದಕು’. ಊಟಕ್ಕೆ ಕೈ ಹಾಕುವ ಮೊದಲು ಎಲ್ಲರೂ ‘ಇತದಕಿಮಸು’ ಎನ್ನುತ್ತಾರೆ. ‘ನೀವು’ ಎಂಬುದಕ್ಕೆ ‘ಅನತಾ’ ಎಂಬ ಶಬ್ದ ಪುಸ್ತಕದಲ್ಲಿದೆ, ಆದರೆ ಹಿರಿಯರ ಮುಂದೆ ಅದನ್ನು ಆಡಬಾರದು. ಹೆಸರಿಗೆ ‘ಸಾನ್’ ಸೇರಿಸಿ ಕರೆಯಬೇಕು. ಗುರುತಿಲ್ಲದ ಮುದುಕರನ್ನು ನಮ್ಮಂತೆಯೇ ಅಜ್ಜ, ಅಜ್ಜಿ ಎನ್ನುವುದುಂಟು. ಕಲಿಸುವವರನ್ನು ಹೆಸರು ಹಿಡಿಯದೆ, ನಾವು ಮಾಸ್ತರು ಎನ್ನುವಂತೆ, ‘ಸೆನ್‌ಸೇ’ ಎನ್ನುತ್ತಾರೆ.

ಒಂದು ಕಡೆ ಮಾತ್ರ ಕನ್ನಡಿಗ ತಪ್ಪುತ್ತಾನೆ. ನಾವು ಹೊರಗಿನವರ ಮುಂದೆ “ನಮ್ಮ ತಂದೆಯವರು ಬಂದಿದ್ದಾರೆ” ಎಂದು ಗೌರವದಿಂದ ಹೇಳುತ್ತೇವೆ. ಅಲ್ಲಿ ತನ್ನ ಮನೆಯವರನ್ನು ಪರರ ಮುಂದೆ ತಗ್ಗಿಸಿಯೇ ಹೇಳತಕ್ಕದ್ದು. ಪರರ ತಂದೆ ‘ಒತೋಸಾನ್’, ನನ್ನ ತಂದೆ ಬರೇ ‘ಚಿಚಿ’. ತನ್ನ ಯಜಮಾನನ ಕುರಿತು ಹೊರಗಿನವರೊಡನೆ ಮಾತಾಡುವಾಗ ‘ಸಾನ್’ ಕೂಡ ಬಿಡುತ್ತಾರೆ. ತನ್ನ ಹೆಸರಿಗೆ ತಾನೇ ‘ಸಾನ್’ ಹಚ್ಚಿದರೆ ನಗೆಪಾಟಲು.

‘ಹಾಯ್’ ಎಂದರೆ ಹೌದು ಎಂದು ಪುಸ್ತಕ ಹೇಳುತ್ತದೆ. ಆದರೆ ನಾವು ಕಥೆ ಕೇಳುತ್ತ ಹೂಂಗುಟ್ಟುವ ಹಾಗೆ, ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದಕ್ಕೂ ಅವರು ‘ಹಾಯ್’ ಎನ್ನುತ್ತಾರೆ. ಅದನ್ನು ಒಪ್ಪಿಗೆಯೆಂದು ತಿಳಿದರೆ ವ್ಯವಹಾರ ಕೆಡುತ್ತದೆ. ಸಂಜೆ ಕೆಲಸ ಮುಗಿದಾಗ ಜೊತೆಯವರಿಗೆ ‘ಒತ್ಸುಕಾರೆಸಮಾ’ ಎನ್ನಬೇಕು, ಅಂದರೆ ಬಹಳ ದಣಿದಿರಿ ಎಂದು. ಈ ಮಾತು ಬಾರದವನನ್ನು ಜನ ಹತ್ತಿರ ಸೇರಿಸಿಕೊಳ್ಳುವುದು ತಡವಾಗುತ್ತದೆ. ಬೇಸಾಯದ ಕೆಲಸಕ್ಕೆ ಹೋದವರು ‘ನೋಕ್ಯೋ’ ಎಂಬ ಮಾತನ್ನೂ ಕೇಳುವರು. ೧೯೪೭ರ ಕಾಯ್ದೆಯಿಂದ ಹುಟ್ಟಿದ ಕೃಷಿ ಸಹಕಾರ ಸಂಘ ಅದು. ‘ಸತೋಯಾಮಾ’ ಎಂದರೆ ಊರಿಗೆ ಅಂಟಿದ ಗುಡ್ಡ. ಹಿಂದೆ ಸೊಪ್ಪು, ದರಕು, ಕಟ್ಟಿಗೆ ಅಲ್ಲಿಂದ ತರುತ್ತಿದ್ದರು. ನಮ್ಮ ಸೊಪ್ಪಿನ ಬೆಟ್ಟವೇ ಎನ್ನಿ.

ಈಗ ಪರೀಕ್ಷೆಯ ಮಾತು. ೧೯೮೪ರಿಂದ ನಡೆಯುತ್ತಿರುವ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಗೆ ಎನ್ ೫ರಿಂದ ಎನ್ ೧ರ ವರೆಗೆ ಐದು ಮಟ್ಟಗಳಿವೆ, ೫ ತಳದ್ದು. ಮೇಲೆ ಹೇಳಿದ ಕೆಲಸಗಳಿಗೆ ಎನ್ ೪ ಆಗಲಿ, ಅದಕ್ಕೆ ಸಮನಾಗಿ ಕಂಪ್ಯೂಟರಿನಲ್ಲಿ ನಡೆಯುವ ಜೆ.ಎಫ್.ಟಿ. ಬೇಸಿಕ್ ಆಗಲಿ ಬೇಕು. ಶುಶ್ರೂಷೆಯ ಕೆಲಸಕ್ಕೆ ಅದರದೇ ಇನ್ನೊಂದು ಭಾಷಾಪರೀಕ್ಷೆ ಹೆಚ್ಚಿಗೆ. ಹಳೆಯ ಕ್ರಮದಲ್ಲಿ ಎನ್ ೪ಕ್ಕೆ ಸಮನಾದ ಮಟ್ಟಕ್ಕೆ ಸುಮಾರು ೩೦೦ ಕಾಂಜಿ, ೧,೫೦೦ ಪದ, ೩೦೦ ಗಂಟೆಯ ಪಾಠ ಎಂದು ಗೊತ್ತುಮಾಡಿದ್ದರು. ದಿನಕ್ಕೊಂದು ಗಂಟೆಯಂತೆ ಹತ್ತು ತಿಂಗಳು. ಮೂರು ತಿಂಗಳ ಭರವಸೆಯನ್ನು ಈ ಲೆಕ್ಕದಿಂದ ತೂಗಿ ನೋಡಿ. ಇನ್ನೂ ಒಂದು: ಸಾಮರ್ಥ್ಯ ಪರೀಕ್ಷೆಯಲ್ಲಿ ಓದಿಸುತ್ತಾರೆ, ಕೇಳಿಸುತ್ತಾರೆ, ಮಾತಾಡಿಸುವುದಿಲ್ಲ. ತೇರ್ಗಡೆಯಾದ ಹುಡುಗ ಬಾಯಿ ಬಿಡದೆ ನಿಲ್ಲುವುದು ಇದರಿಂದಲೇ. ಆದುದರಿಂದ ಪಾಠ ಹೇಳುವವರಲ್ಲಿ ದಿನವೂ ಮಾತಾಡಿಸುತ್ತೀರಾ ಎಂದು ಕೇಳಿ. ‘ಮಿನ್ನಾ ನೊ ನಿಹೋಂಗೊ’ ಎಂಬ ಪುಸ್ತಕದ ಎರಡು ಭಾಗಗಳ ೫೦ ಪಾಠಗಳನ್ನು ಮುಗಿಸಿದರೆ ಹೆಚ್ಚುಕಡಿಮೆ ಎನ್ ೪ಕ್ಕೆ ಸಾಕು. ಜಪಾನ್ ಫೌಂಡೇಶನ್ನಿನ ‘ಇರೊದೊರಿ’ ಪುಸ್ತಕ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅಂಗಡಿ, ಆಸ್ಪತ್ರೆ, ಕೆಲಸದ ಜಾಗದ ಮಾತುಗಳಿಗೆ ಅದು ಒಳ್ಳೆಯದು.

ತೋಟ ಅಡವಿಟ್ಟು ಮೊದಲೇ ದೊಡ್ಡ ಮೊತ್ತ ಕಟ್ಟಬೇಡಿರಿ. ಮೊದಲ ಮೂರು ತಿಂಗಳು ಪುಸ್ತಕದ ಖರ್ಚಿನಲ್ಲೇ ಮನೆಯಲ್ಲಿ ಅಕ್ಷರ ಕಲಿಯಲಿ, ಮನಸ್ಸು ನಿಲ್ಲುವುದೋ ನೋಡಿ. ಕೆಲಸ ಕೊಡಿಸುವೆ ಎನ್ನುವ ಏಜೆಂಟನಿಗೆ ೧೯೮೩ರ ವಲಸೆ ಕಾಯ್ದೆಯಂತೆ ನೋಂದಣಿ ಇದೆಯೇ ಎಂಬುದನ್ನು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಪರೀಕ್ಷಿಸಿ, ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಬೇಸಾಯದ ಮೊದಲ ದರ್ಜೆಯ ಪರವಾನಗಿ ಒಟ್ಟು ಐದು ವರ್ಷದ್ದು, ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಮದುವೆಯ ಮಾತುಕತೆಗೆ ಮುಂಚೆಯೇ ಇದು ಎರಡೂ ಮನೆಯವರಿಗೆ ತಿಳಿದಿರಲಿ.

ಸಾಮರ್ಥ್ಯ ಪರೀಕ್ಷೆ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ. ನಮ್ಮ ರಾಜ್ಯದಲ್ಲಿ ಬೆಂಗಳೂರಿನಲ್ಲಿ ನಡೆಯುತ್ತದೆ. ಒಂದು ನಾಟಿ ಮತ್ತು ಕೊಳೆಮದ್ದಿನ ಕಾಲ, ಇನ್ನೊಂದು ಅಡಿಕೆಯ ಕೊನೆಕೊಯ್ಲಿನ ಕಾಲ. ಅರ್ಜಿ ತಿಂಗಳುಗಳ ಮೊದಲೇ ಮುಚ್ಚುತ್ತದೆ. ಯಾವುದಕ್ಕೆ ಮನೆಯಿಂದ ಒಬ್ಬರನ್ನು ಬಿಡಬಹುದೆಂದು ಈಗಲೇ ಲೆಕ್ಕ ಹಾಕಿ ಅರ್ಜಿ ಸಲ್ಲಿಸಿರಿ.