ಮಡಿಸಿದ ಹಾಳೆ



ಕುಮಾರಸ್ವಾಮಿ ಲೇಔಟಿನ ನಮ್ಮ ಸಂಜೆ ಕ್ಲಾಸಿಗೆ 14 ಜನ ಹೆಂಗಸರು ಬರುತ್ತಾರೆ. ಕೆಲವರು ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುತ್ತಾರೆ. ಕೆಲವರು ನಾಲ್ಕು ಮನೆ ಪಾತ್ರೆ ತೊಳೆದು ಬರುತ್ತಾರೆ. ಒಬ್ಬರು ಹೂ ಕಟ್ಟಿ ಮಾರುತ್ತಾರೆ. ಮೊದಲು ಎಲ್ಲರೂ ತಮ್ಮ ಹೆಸರು ಬರೆಯಲು ಕಲಿತರು. ಆಮೇಲೆ ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಬೋರ್ಡು ಓದಿದರು. ಅದೆಲ್ಲ ಖುಷಿಯಾಗಿಯೇ ನಡೆಯಿತು.

ಒಂದು ದಿನ ನಾವು ಹೇಳಿದೆವು: "ಇವತ್ತು ಬೋರ್ಡ್ ನೋಡಿ ಬರೆಯೋದು ಬೇಡ. ನಿಮ್ಮ ಮನಸ್ಸಿನಲ್ಲಿ ಇರೋದನ್ನ ನಾಲ್ಕು ಸಾಲು ಬರೀರಿ."

ಕ್ಲಾಸಿನಲ್ಲಿ ಮಾತೇ ಇಲ್ಲ. ಬರೆದವರು ಹಾಳೆಯ ಮೇಲೆ ಸೆರಗು ಮುಚ್ಚಿಕೊಂಡರು. ಒಬ್ಬರು ಹಾಳೆಯನ್ನು ಎಂಟು ಮಡಿಕೆ ಮಡಿಸಿ ಪರ್ಸಿನೊಳಗೆ ಇಟ್ಟರು.

ಯಾಕೆ ಹೀಗೆ? ಅಕ್ಷರ ಗುಂಡಗಿಲ್ಲ ಎಂಬ ನಾಚಿಕೆ ಇರಬಹುದು. ಆದರೆ ಅದೊಂದೇ ಅಲ್ಲ. ಬಾಯಿ ಮಾತನ್ನು "ನಾನು ಹಾಗೆ ಹೇಳಲೇ ಇಲ್ಲ" ಅಂದುಬಿಡಬಹುದು. ಬರೆದದ್ದು ಹಾಗಲ್ಲ. ಅದು ಉಳಿಯುತ್ತದೆ. ಅತ್ತೆಯ ಕೈಗೆ ಸಿಗಬಹುದು. ಇಂಗ್ಲಿಷ್ ಸ್ಕೂಲಿಗೆ ಹೋಗುವ ಮಗ ಓದಿ ನಗಬಹುದು.

ಹೂ ಕಟ್ಟುವ ಅಕ್ಕ ಮಾತ್ರ ಧೈರ್ಯ ಮಾಡಿ ಹಾಳೆ ಕೊಟ್ಟರು. ಅದರಲ್ಲಿ ಹೀಗಿತ್ತು:

"ನಮ್ಮವ್ವ ಅಸಿವು ತಡಕೊಂಡು ನಮಗೆ ಇಟ್ಟು ಆಕಿದಳು. ತಾನು ನೀರು ಕುಡಿದು ಮಲಗಿದಳು."

ನಾವು ಏನು ಮಾಡಿದೆವು ಗೊತ್ತೇ? ಕೆಂಪು ಪೆನ್ನು ತೆಗೆದೆವು. ಅಸಿವು ಅಲ್ಲ, ಹಸಿವು. ಇಟ್ಟು ಅಲ್ಲ, ಹಿಟ್ಟು. ಆಕಿದಳು ಅಲ್ಲ, ಹಾಕಿದಳು. ಎಲ್ಲರ ಮುಂದೆ ಜೋರಾಗಿ ಹೇಳಿ ತಿದ್ದಿದೆವು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಟ್ರೈನಿಂಗಿನಲ್ಲಿ ನಾವು ತಪ್ಪು ತಿದ್ದುವುದನ್ನು ಕಲಿತಿದ್ದೆವು. ಯಾವಾಗ ತಿದ್ದಬೇಕು ಎಂಬುದನ್ನು ಕಲಿತಿರಲಿಲ್ಲ.

ಮಾರನೆಯ ದಿನ ಆ ಅಕ್ಕ ಬರಲಿಲ್ಲ. ಒಂದು ವಾರ ಬರಲಿಲ್ಲ. ನಾವೇ ಅವರು ಹೂ ಮಾರುವ ಜಾಗಕ್ಕೆ ಹೋದೆವು. ಅವರು ಹೂ ಕಟ್ಟುತ್ತಲೇ ಹೇಳಿದರು: "ಮೇಡಂ, ನೀವು ನನ್ನ ಅಕ್ಷರ ನೋಡಿದ್ರಿ. ನಮ್ಮವ್ವನ್ನ ನೋಡ್ಲಿಲ್ಲ."

ನಮಗೆ ತಲೆ ಎತ್ತಲು ಆಗಲಿಲ್ಲ. ತಪ್ಪಾಯಿತು ಅಂದೆವು. ಅವರ ಅವ್ವನ ಬಗ್ಗೆ ಕೇಳಿದೆವು. ಅರ್ಧ ಗಂಟೆ ಹೇಳಿದರು. ಕೊನೆಗೆ ಅವರೇ ಕೇಳಿದರು: "ದೊಡ್ಡ ದೊಡ್ಡ ಪುಸ್ತಕ ಬರೆಯೋರಿಗೂ ಹಿಂಗೆ ಅಂಜಿಕೆ ಆಯ್ತದಾ?"

ಆಗ ಬಂಗಾಳದ ರಾಸಸುಂದರಿ ದೇವಿಯ ಕತೆ ಹೇಳಿದೆವು. ಅವರ ಕಾಲದಲ್ಲಿ ಓದು ಕಲಿತ ಹೆಣ್ಣು ವಿಧವೆ ಆಗುತ್ತಾಳೆ ಎಂದು ಜನ ನಂಬಿದ್ದರು. ಅವರು ಒಂದು ಪುಸ್ತಕದ ಹಾಳೆ ಬಿಚ್ಚಿ ಅಡುಗೆಮನೆಯಲ್ಲಿ ಬಚ್ಚಿಟ್ಟರು. ಅಡುಗೆ ಮಾಡುತ್ತಾ ಗುಟ್ಟಾಗಿ ಓದು ಕಲಿತರು. ಬರೆಯಲು ಕಲಿತದ್ದು ಇನ್ನೂ ಎಷ್ಟೋ ವರ್ಷದ ಮೇಲೆ. ಅದೇ ಹೆಂಗಸು ತಮ್ಮ ಬದುಕಿನ ಕತೆಯನ್ನು ತಾವೇ ಬರೆದರು. ಸುಮಾರು 150 ವರ್ಷಗಳ ಹಿಂದೆ ಅದು ಅಚ್ಚಾಯಿತು.

ನಮ್ಮ ಕನ್ನಡದಲ್ಲಿ ಕೊಡಗಿನ ಗೌರಮ್ಮ ಇದ್ದರು. ಹುಟ್ಟಿದ್ದು 1912ರಲ್ಲಿ. ವಿಧವೆಯರ ಕಷ್ಟ, ಹೆಣ್ಣುಮಕ್ಕಳ ದುಃಖವನ್ನು ಕತೆ ಮಾಡಿದರು. ಆದರೆ ಕತೆಯ ಕೆಳಗೆ ಗೌರಮ್ಮ ಎಂದು ಹಾಕಲಿಲ್ಲ. ಗಂಡನ ಹೆಸರು ಸೇರಿಸಿ "ಮಿಸೆಸ್ ಬಿ.ಟಿ.ಜಿ. ಕೃಷ್ಣ" ಎಂದು ಹಾಕಿದರು. 1939ರಲ್ಲಿ, ಇನ್ನೂ 27 ವರ್ಷಕ್ಕೇ, ನೀರಿನಲ್ಲಿ ಮುಳುಗಿ ತೀರಿಕೊಂಡರು. ಇವತ್ತು ಆ ಕತೆಗಳನ್ನು ಜನ ಗೌರಮ್ಮನ ಕತೆ ಎಂದೇ ಓದುತ್ತಾರೆ.

ಹೂವಿನ ಅಕ್ಕ ಮತ್ತೆ ಕ್ಲಾಸಿಗೆ ಬಂದರು. ಈಗ ನಮ್ಮ ಕ್ಲಾಸಿನ ರೂಢಿ ಬೇರೆ. "ಓದಲಾ?" ಎಂದು ಕೇಳದೆ ಯಾರ ಹಾಳೆಯನ್ನೂ ಮುಟ್ಟುವುದಿಲ್ಲ. ಓದಿದ ಮೇಲೆ ಮೊದಲು ಅದರಲ್ಲಿರುವ ವಿಷಯ ಮಾತಾಡುತ್ತೇವೆ. ತಪ್ಪಿದ್ದರೆ ಆಮೇಲೆ, ಪಕ್ಕದಲ್ಲಿ ಕೂತು, ಪೆನ್ಸಿಲ್ಲಿನಲ್ಲಿ ತಿದ್ದುತ್ತೇವೆ. ಕೆಂಪು ಪೆನ್ನು ಕ್ಲಾಸಿಗೆ ತರುವುದನ್ನು ಬಿಟ್ಟಿದ್ದೇವೆ.

ಮೊನ್ನೆ ಒಬ್ಬರು ಒಂದು ಪುಟ ತುಂಬ ಬರೆದರು. ಒಂದು ಸಲ ಓದಿಕೊಂಡರು. ಹರಿದು ಹಾಕಿದರು. ಅದರಲ್ಲಿ ಏನಿತ್ತು ಎಂದು ನಾವು ಕೇಳಲಿಲ್ಲ. ಮನೆಯಲ್ಲಿ ಯಾರ ಕೈಗಾದರೂ ಸಿಕ್ಕರೆ ಏನಾಗುತ್ತದೆ ಎಂಬುದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಓದಿ, ಬರೆಯಿರಿ:
ಹಸಿವು, ಹಿಟ್ಟು, ಹಾಳೆ, ಹೂವು, ಅವ್ವ, ಅಕ್ಕ.

ನಿಮಗೆ ಅನ್ನ ಹಾಕಿದ ಒಬ್ಬರ ಬಗ್ಗೆ ನಾಲ್ಕು ಸಾಲು ಬರೆಯಿರಿ. ಯಾರಿಗೆ ತೋರಿಸಬೇಕು ಎಂದು ನೀವೇ ಯೋಚಿಸಿ. ಇವತ್ತೇ ತೋರಿಸಬೇಕು ಅಂತಿಲ್ಲ.